ಪೆಟ್ಟು ತಿಂದ ರೋಟರು, ಕಾಣದ ಬಿರುಕು

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬರಿಯ ಕಣ್ಣಿನಿಂದ ನೋಡಿ ತೃಪ್ತರಾಗುವುದಿಲ್ಲ. ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ಮೆಲ್ಲನೆ ತಟ್ಟಿ ಕಿವಿಗೊಡುತ್ತಾರೆ. ಕಂಚಿನಂತೆ ನಾದ ಬಂದರೆ ಮಡಕೆ ಗಟ್ಟಿ; ಸದ್ದು ಬೊದ್ದೆಂದು ಸತ್ತುಹೋದರೆ ಎಲ್ಲಿಯೋ ಬಿರುಕಿದೆ ಎಂದು ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಹೊರಗೆ ಕಾಣುವುದೆಲ್ಲ ನೆಟ್ಟಗಿದ್ದರೂ ಒಳಗೆ ಕೇಡಿರಬಹುದೆಂಬ ಎಚ್ಚರ ಈ ಒಂದು ತಟ್ಟಿನಲ್ಲಿ ಅಡಗಿದೆ. ಉಗಿಬಂಡಿಯ ಕಾಲದಲ್ಲಿ ರೈಲು ದೊಡ್ಡ ನಿಲ್ದಾಣಕ್ಕೆ ಬಂದು ನಿಂತಾಗ ಉದ್ದ ಹಿಡಿಯ ಸುತ್ತಿಗೆಯೊಂದನ್ನು ಹಿಡಿದ ನೌಕರನು ಗಾಲಿಯಿಂದ ಗಾಲಿಗೆ ಬಡಿಯುತ್ತ ಹೋಗುತ್ತಿದ್ದುದನ್ನು ಹಿರಿಯರು ನೆನೆಯಬಲ್ಲರು. ಅವನು ಮಾಡುತ್ತಿದ್ದುದೂ ಮಡಕೆ ಕೊಳ್ಳುವವರ ಕೆಲಸವನ್ನೇ.

ಈ ತಟ್ಟಿ ನೋಡುವ ವಿದ್ಯೆಯು ನೆಲದಿಂದ ಆಕಾಶಕ್ಕೆ ಏರಿದ ಬಗೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಹೆಲಿಕಾಪ್ಟರೊಂದು ಹೊಲದಲ್ಲಿ ಇಳಿಯುತ್ತಿದೆ ಎಂದು ಭಾವಿಸಿ. ಹಿಂದೆ ಬೇಲಿಯ ಗೂಟವೊಂದಿದೆ, ಅಥವಾ ಒಂದು ಕುರುಚಲು ಗಿಡವಿದೆ. ಚಾಲಕನಿಗೆ ಅದು ಕಾಣುವುದಿಲ್ಲ. ಬಾಲದ ತುದಿಯಲ್ಲಿ ತಿರುಗುವ ಚಿಕ್ಕ ರೋಟರಿನ ರೆಕ್ಕೆ ಅದಕ್ಕೆ ತಗಲುತ್ತದೆ. ಟಪ್ಪೆಂದು ಒಂದು ಸದ್ದು, ಅಷ್ಟೆ. ಯಂತ್ರ ಸುರಕ್ಷಿತವಾಗಿ ನೆಲ ಮುಟ್ಟುತ್ತದೆ. ಇಳಿದು ಬಂದು ನೋಡಿದರೆ ರೆಕ್ಕೆಯ ತುದಿಯಲ್ಲಿ ಹುಣಿಸೆಬೀಜದಷ್ಟು ತಗ್ಗು ಬಿದ್ದಿದೆ, ಸ್ವಲ್ಪ ಬಣ್ಣ ಹೋಗಿದೆ. ಈ ಯಂತ್ರ ಇಂದು ಸಂಜೆ ಮತ್ತೆ ಹಾರಬಹುದೆ? ಈ ಸಣ್ಣ ಪ್ರಶ್ನೆಗೆ ಸರಿಯಾದ ಉತ್ತರ ಹೇಳುವುದನ್ನು ಕಲಿಯಲು ಮನುಷ್ಯನಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕಾಗಿ ತೆತ್ತ ಪ್ರಾಣಗಳೂ ಬಹಳ.

ಮೊದಲು, ಬಾಲಕ್ಕೆ ಆ ಚಿಕ್ಕ ರೋಟರು ಏಕೆ ಬೇಕಾಯಿತೆಂಬುದನ್ನು ನೋಡೋಣ. ಹೆಲಿಕಾಪ್ಟರಿನ ಎಂಜಿನ್ನು ತಲೆಯ ಮೇಲಿನ ದೊಡ್ಡ ರೋಟರನ್ನು ಒಂದು ದಿಕ್ಕಿಗೆ ತಿರುಗಿಸುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇದ್ದೇ ಇರುತ್ತದೆಂಬ ನ್ಯೂಟನ್ನನ ನಿಯಮದಂತೆ ಕೆಳಗಿನ ಒಡಲು ಅದರ ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ತಡೆಯದಿದ್ದರೆ ಚಾಲಕನೂ ಪ್ರಯಾಣಿಕರೂ ಬುಗುರಿಯಂತೆ ಸುತ್ತಬೇಕಾದೀತು. ಈ ತೊಡಕಿಗೆ ಹಲವರು ಹಲವು ಪರಿಹಾರಗಳನ್ನು ಕಂಡರು. ಜರ್ಮನಿಯ ಫಾಕ್ ಅವರು 1936ರಲ್ಲಿ ಹಾರಿಸಿದ ಯಂತ್ರದಲ್ಲಿ ಎಡಕ್ಕೊಂದು ಬಲಕ್ಕೊಂದು ರೋಟರುಗಳಿದ್ದು ಅವು ಎದುರುಬದುರಾಗಿ ತಿರುಗುತ್ತಿದ್ದವು. ಒಂದರ ಪ್ರತಿಕ್ರಿಯೆಯನ್ನು ಇನ್ನೊಂದು ಅಳಿಸುತ್ತಿತ್ತು. ಆದರೆ ತಲೆಯ ಮೇಲೆ ಒಂದೇ ದೊಡ್ಡ ರೋಟರನ್ನಿಟ್ಟು, ಉದ್ದವಾದ ಬಾಲದ ತುದಿಯಲ್ಲಿ ಚಿಕ್ಕದೊಂದನ್ನು ನಿಲುವಾಗಿ ಕೂಡಿಸಿ, ಒಡಲನ್ನು ಪಕ್ಕಕ್ಕೆ ನೂಕಿ ನಿಲ್ಲಿಸುವ ಉಪಾಯವೇ ಕಡೆಗೆ ಹೆಚ್ಚು ಬಳಕೆಗೆ ಬಂತು. ರಷ್ಯದ ಬೋರಿಸ್ ಯೂರಿಯೆವ್ 1912ರಲ್ಲಿಯೇ ಇಂಥ ಒಂದು ಯಂತ್ರದ ಕಲ್ಪನೆ ಮಾಡಿದ್ದರು. ಹಾಲೆಂಡಿನ ಫಾನ್ ಬೌಮ್‌ಹೌವರ್ ಎಂಬವರು 1920ರ ದಶಕದಲ್ಲಿ ಅಂಥದೊಂದನ್ನು ಕಟ್ಟಿ, ಬಾಲದ ರೋಟರಿಗೆಂದೇ ಬೇರೊಂದು ಎಂಜಿನ್ನನ್ನು ಜೋಡಿಸಿದರು. ಅದು ನೆಲದಿಂದ ತುಸುವೇ ಏರಿ, 1930ರಲ್ಲಿ ಮುರಿದುಬಿತ್ತು.

ಈ ಉಪಾಯವನ್ನು ಗೆಲ್ಲಿಸಿದವರು ಈಗೊರ್ ಸಿಕೋರ್ಸ್ಕಿ. 1889ರಲ್ಲಿ ಕೀವ್ ನಗರದಲ್ಲಿ ಹುಟ್ಟಿದ ಇವರು ಇಪ್ಪತ್ತರ ಪ್ರಾಯದಲ್ಲಿಯೇ ಎರಡು ಹೆಲಿಕಾಪ್ಟರುಗಳನ್ನು ಕಟ್ಟಿ ಸೋತಿದ್ದರು. ಕ್ರಾಂತಿಯ ತರುವಾಯ 1919ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿ ವಿಮಾನಗಳಿಂದ ಹೆಸರು ಗಳಿಸಿ, ಐವತ್ತನೆಯ ವಯಸ್ಸಿನಲ್ಲಿ ಹಳೆಯ ಕನಸಿಗೆ ಮರಳಿದರು. 1939ರ ಸೆಪ್ಟೆಂಬರ್ 14ರಂದು ಕನೆಕ್ಟಿಕಟ್ ಸಂಸ್ಥಾನದ ಸ್ಟ್ರಾಟ್‌ಫರ್ಡಿನಲ್ಲಿ ಅವರ ವಿ.ಎಸ್. 300 ಎಂಬ ಯಂತ್ರವು ಹಗ್ಗಗಳಿಂದ ಬಿಗಿದಿದ್ದಂತೆಯೇ ನೆಲ ಬಿಟ್ಟೆದ್ದಿತು. ಅದರ ಎಂಜಿನ್ನಿನ ಶಕ್ತಿ 75 ಅಶ್ವಬಲ ಮಾತ್ರ. ಮುಂದಿನ ಎರಡು ವರ್ಷ ಅವರು ಬಾಲವನ್ನು ಬಿಚ್ಚಿ ಕಟ್ಟಿದ್ದೇ ಕಟ್ಟಿದ್ದು. ಒಂದು ಹಂತದಲ್ಲಿ ಬಾಲದಲ್ಲಿ ಮೂರು ರೋಟರುಗಳಿದ್ದವು. 1941ರ ಕೊನೆಯ ಹೊತ್ತಿಗೆ ಅವು ಒಂದಕ್ಕೆ ಇಳಿದು, ಇಂದು ನಾವು ಕಾಣುವ ಹೆಲಿಕಾಪ್ಟರಿನ ರೂಪ ಸಿದ್ಧವಾಯಿತು.

ಅದರ ಮಕ್ಕಳೆನ್ನಬಹುದಾದ ಆರ್-4 ಯಂತ್ರಗಳಲ್ಲಿ ಒಂದು 1944ರ ಏಪ್ರಿಲಿನಲ್ಲಿ ನಮ್ಮ ದೇಶದ ಅಸ್ಸಾಮಿನ ಲಾಲಾಘಾಟ್ ನೆಲೆಯಿಂದ ಹೊರಟು, ಬರ್ಮಾ ಕಾಡಿನಲ್ಲಿ ಶತ್ರುಸೈನ್ಯದ ಬೆನ್ನ ಹಿಂದೆ ಸಿಕ್ಕಿಬಿದ್ದಿದ್ದ ಒಬ್ಬ ವಿಮಾನಚಾಲಕನನ್ನೂ ಮೂವರು ಬ್ರಿಟಿಷ್ ಸೈನಿಕರನ್ನೂ ಒಬ್ಬೊಬ್ಬರನ್ನಾಗಿ ಹೊತ್ತು ತಂದಿತು. ಚಾಲಕ ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್. ಯುದ್ಧರಂಗದಲ್ಲಿ ಹೆಲಿಕಾಪ್ಟರು ಜೀವ ಉಳಿಸಿದ ಮೊದಲ ಪ್ರಸಂಗಗಳಲ್ಲಿ ಇದು ಪ್ರಸಿದ್ಧವಾದದ್ದು. ವಿಮಾನಕ್ಕೆ ಓಡುದಾರಿ ಬೇಕು. ಹೆಲಿಕಾಪ್ಟರಿಗೆ ಕಾಡಿನ ನಡುವಣ ಒಂದು ಬಯಲು ಸಾಕು. ಅದರ ಹಿರಿಮೆ ಅದು. ಆದರೆ ಆ ಹಿರಿಮೆಯ ಬೆನ್ನಿಗೇ ಅಪಾಯವೂ ಅಂಟಿಕೊಂಡಿತು. ಮರದ ಕೊಂಬೆ, ಬಂಡೆ, ತಂತಿ, ಗಾಳಿಗೆ ಹಾರುವ ಟಾರ್ಪಾಲಿನ ತುಂಡು, ಇವೆಲ್ಲದರ ಮಗ್ಗುಲಲ್ಲಿ ಇಳಿಯಬೇಕಾದ ಯಂತ್ರದ ಅತ್ಯಂತ ಸೂಕ್ಷ್ಮವಾದ ಅಂಗವು ಚಾಲಕನ ಕಣ್ಣಿಗೆ ಬೀಳದಂತೆ ಬೆನ್ನ ಹಿಂದೆ ಇದೆ.

ಅದು ಎಷ್ಟು ಸೂಕ್ಷ್ಮವೆಂಬುದಕ್ಕೆ ಲೆಕ್ಕ ಕೊಡಬಹುದು. ಬೆಂಗಳೂರಿನಲ್ಲಿ ಬಹುಕಾಲ ತಯಾರಾದ ಚೇತಕ್ ಹೆಲಿಕಾಪ್ಟರನ್ನೇ ತೆಗೆದುಕೊಳ್ಳಿ. ಅದರ ಮೇಲಿನ ರೋಟರು ನಿಮಿಷಕ್ಕೆ ಸುಮಾರು 350 ಸುತ್ತು ತಿರುಗಿದರೆ, ಎರಡು ಮೀಟರಿಗಿಂತ ತುಸು ಕಡಿಮೆ ಅಗಲದ ಬಾಲದ ರೋಟರು ಸುಮಾರು 2,000 ಸುತ್ತು ತಿರುಗುತ್ತದೆ. ಅಂದರೆ ಅದರ ರೆಕ್ಕೆಯ ತುದಿಯು ಸೆಕೆಂಡಿಗೆ 200 ಮೀಟರಿನಷ್ಟು ವೇಗದಿಂದ ಓಡುತ್ತಿರುತ್ತದೆ. ಆ ತುದಿಯಿಂದ ಹತ್ತೇ ಗ್ರಾಂ ತೂಕದ ತುಣುಕೊಂದು ಹಾರಿಹೋಯಿತೆನ್ನಿ. ಸಮತೂಕ ತಪ್ಪಿದ ರೋಟರು ತನ್ನ ಅಚ್ಚನ್ನು 40 ಕಿಲೋಗ್ರಾಂ ಭಾರದಷ್ಟು ಬಲದಿಂದ ಸೆಕೆಂಡಿಗೆ 33 ಸಲ ಸುತ್ತಲೂ ಜಗ್ಗಲು ತೊಡಗುತ್ತದೆ. ಹತ್ತು ಗ್ರಾಮಿನ ಕೊರತೆಗೆ ಇಷ್ಟು ದಂಡ!

ಪೆಟ್ಟು ರೆಕ್ಕೆಗೆ ಬಿದ್ದರೂ ನೋವು ಅಲ್ಲಿಗೇ ನಿಲ್ಲುವುದಿಲ್ಲ. ಬಾಲದ ರೋಟರಿಗೆ ಪ್ರತ್ಯೇಕ ಎಂಜಿನ್ನಿಲ್ಲ. ಮೇಲಿನ ರೋಟರಿನ ಗೇರುಪೆಟ್ಟಿಗೆಯಿಂದ ಉದ್ದನೆಯ ಷಾಫ್ಟೊಂದು ಬಾಲದುದ್ದಕ್ಕೂ ಹೋಗಿ, ತುದಿಯ ಚಿಕ್ಕ ಗೇರುಪೆಟ್ಟಿಗೆಯ ಮೂಲಕ ಅದನ್ನು ತಿರುಗಿಸುತ್ತದೆ. ರೆಕ್ಕೆ ಗೂಟಕ್ಕೆ ಬಡಿದು ಒಂದು ಕ್ಷಣ ತಡೆದಾಗ, ಇತ್ತ ಮೇಲಿನ ಭಾರವಾದ ರೋಟರು ತನ್ನ ಓಟವನ್ನು ಬಿಡುವುದಿಲ್ಲ, ಎಂಜಿನ್ನೂ ಬಿಡುವುದಿಲ್ಲ. ಒಂದು ತುದಿ ನಿಂತಿದೆ, ಇನ್ನೊಂದು ತುದಿ ತಿರುಗುತ್ತಿದೆ. ನಡುವಣ ಷಾಫ್ಟು ಅಗಸನ ಕೈಯಲ್ಲಿ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಗೇರಿನ ಹಲ್ಲುಗಳು ಒಂದರ ಮೇಲೊಂದು ಒರಗಿ ಒತ್ತುತ್ತವೆ. ಬೇರಿಂಗಿನ ಗುಂಡುಗಳು ತಮ್ಮ ಹಾದಿಯಲ್ಲಿ ಸಣ್ಣ ಕುಳಿಗಳನ್ನು ಒತ್ತಿಬಿಡುತ್ತವೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಹೊರಗೆ ಉಳಿಯುವ ಗುರುತು ಹುಣಿಸೆಬೀಜದಷ್ಟು ತಗ್ಗು.

ಒಳಗಿನ ಕೇಡು ಆ ಕ್ಷಣವೇ ಮುರಿದರೆ ಒಂದು ಬಗೆ. ಅದು ಮುರಿಯದೆ ಉಳಿದು, ಕೂದಲೆಳೆಯಷ್ಟು ಬಿರುಕಾಗಿ, ಪ್ರತಿ ಸುತ್ತಿಗೂ ಅಣುವಿನಷ್ಟು ಮುಂದುವರಿಯುತ್ತ ಹೋಗುವುದು ಇನ್ನೊಂದು ಬಗೆ. ಯಂತ್ರಶಾಸ್ತ್ರಜ್ಞರು ಇದನ್ನು ಲೋಹದ ದಣಿವು ಎನ್ನುತ್ತಾರೆ. ಒಂದು ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಗ್ಗಿಸಿದರೆ ಮುರಿಯುತ್ತದೆ. ಈ ಸತ್ಯವನ್ನು ಜಗತ್ತು ರೈಲಿನಿಂದ ಕಲಿಯಿತು. 1842ರ ಮೇ 8ರಂದು ವರ್ಸಾಯ್ ಉತ್ಸವದಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಹಠಾತ್ತನೆ ಮುರಿದು, ಗಾಡಿಗಳು ಒಂದರ ಮೇಲೊಂದು ಏರಿ, ಬೆಂಕಿ ಹೊತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಗಾಡಿಗಳ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದ್ದರು. ದಕ್ಷಿಣಧ್ರುವದ ಸಾಗರಗಳಲ್ಲಿ ಸಂಚರಿಸಿ ಬದುಕಿ ಬಂದಿದ್ದ ನಾವಿಕ ದ್ಯುಮೋಂ ದ್ಯುರ್ವಿಲ್ ಸಂಸಾರ ಸಮೇತನಾಗಿ ಅಲ್ಲಿ ಮಡಿದನು. ಮರುವರ್ಷ ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ತರುಣ ಎಂಜಿನಿಯರು ಮುರಿದ ರೈಲಿನ ಅಚ್ಚುಗಳನ್ನು ಪರೀಕ್ಷಿಸಿ, ಅವು ಒಮ್ಮೆಗೇ ಮುರಿದವಲ್ಲ, ಅಂಚಿನಿಂದ ಬಿರುಕು ಮೆಲ್ಲಮೆಲ್ಲನೆ ಒಳಸೇರಿ ಕೊನೆಗೆ ಮುರಿದವು ಎಂದು ತೋರಿಸಿದರು. ಮುಂದೆ ಪ್ರಷ್ಯದ ರೈಲ್ವೆಯಲ್ಲಿದ್ದ ಅಗಸ್ಟ್ ವೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ ಬಗ್ಗಿಸಿ, ಎಷ್ಟು ಭಾರಕ್ಕೆ ಎಷ್ಟು ಸುತ್ತು ತಾಳೀತೆಂಬುದನ್ನು ಲೆಕ್ಕಕ್ಕೆ ತಂದರು.

ಬಿರುಕು ಬೆಳೆಯುತ್ತದೆಂದು ಗೊತ್ತಾದರೆ ಸಾಲದು. ಅದನ್ನು ಬೆಳೆಯುವ ಮೊದಲೇ ಕಾಣಬೇಕು. ಸುತ್ತಿಗೆಯ ನಾದಕ್ಕೆ ದೊಡ್ಡ ಬಿರುಕು ಸಿಕ್ಕೀತು, ಚಿಕ್ಕದು ಸಿಕ್ಕದು. ರೈಲ್ವೆ ಕಾರ್ಖಾನೆಗಳ ಕೆಲಸಗಾರರು ಇದಕ್ಕೊಂದು ಸುಲಭೋಪಾಯ ಕಂಡುಕೊಂಡರು. ಅಚ್ಚಿಗೆ ತೆಳುವಾದ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯುವುದು. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಎಣ್ಣೆ ಮೆಲ್ಲನೆ ಮೇಲೆ ಒಸರಿ ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಇಂದಿನ ವಿಮಾನ ಕಾರ್ಖಾನೆಗಳಲ್ಲಿ ಬಳಸುವ ಬಣ್ಣದ ದ್ರವದ ಪರೀಕ್ಷೆ ಇದೇ ಎಣ್ಣೆ-ಸುಣ್ಣದ ಮೊಮ್ಮಗಳು. ಎಣ್ಣೆಗೆ ಬದಲು ಕೆಂಪು ಬಣ್ಣದ ದ್ರವ ಬಂತು. 1940ರ ದಶಕದಲ್ಲಿ ಅಮೆರಿಕದ ಸ್ವಿಟ್ಜರ್ ಸೋದರರ ಪ್ರಯತ್ನದಿಂದ, ನೇರಳಾತೀತ ದೀಪದ ಕೆಳಗೆ ಮಿಂಚುಹುಳುವಿನಂತೆ ಹೊಳೆಯುವ ದ್ರವವೂ ಬಂತು.

ಎರಡನೆಯ ವಿಧಾನ ಸಿಕ್ಕಿದ್ದು ಆಕಸ್ಮಿಕವಾಗಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ವಿಲಿಯಂ ಹೋಕ್ ಎಂಬವರು ಅಯಸ್ಕಾಂತದ ಹಿಡಿಕೆಯಲ್ಲಿ ಉಕ್ಕಿನ ತುಂಡುಗಳನ್ನಿಟ್ಟು ಉಜ್ಜಿಸುತ್ತಿದ್ದಾಗ, ಉದುರಿದ ಉಕ್ಕಿನ ಪುಡಿಯು ಕೆಲವೆಡೆ ಗೆರೆಗಟ್ಟಿ ನಿಲ್ಲುವುದನ್ನು ಗಮನಿಸಿದರು. ಆ ಗೆರೆ ಇದ್ದಲ್ಲೆಲ್ಲ ತುಂಡಿನಲ್ಲಿ ಕಣ್ಣಿಗೆ ಕಾಣದ ಬಿರುಕಿತ್ತು. ಬಿರುಕಿನ ಎರಡು ಅಂಚುಗಳೂ ಅಯಸ್ಕಾಂತದ ಎರಡು ಧ್ರುವಗಳಂತೆ ವರ್ತಿಸಿ ಪುಡಿಯನ್ನು ಸೆಳೆದಿದ್ದವು. ಅವರಿಗೆ 1922ರಲ್ಲಿ ಇದರ ಪೇಟೆಂಟು ದೊರಕಿತು. ಆದರೆ ಅದನ್ನು ಕಾರ್ಖಾನೆಯ ಕೆಲಸಕ್ಕೆ ಒಗ್ಗಿಸಿದವರು ಮುಂದೆ ಬಂದ ಆಲ್‌ಫ್ರೆಡ್ ಡಿ ಫಾರೆಸ್ಟ್ ಮೊದಲಾದವರು. ಇದು ಉಕ್ಕಿಗೆ ಮಾತ್ರ ಒಗ್ಗುತ್ತದೆ; ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಸೊಪ್ಪು ಹಾಕುವುದಿಲ್ಲ. ಆದ್ದರಿಂದ ಗೇರಿನ ಹಲ್ಲಿಗೆ ಅಯಸ್ಕಾಂತ, ಅಲ್ಯುಮಿನಿಯಂ ಭಾಗಗಳಿಗೆ ಬಣ್ಣದ ದ್ರವ, ಹೀಗೆ ಕೆಲಸ ಹಂಚಿಹೋಯಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಮೂರನೆಯದಾಗಿ, ಕಿವಿಗೆ ಕೇಳಿಸದ ಸೂಕ್ಷ್ಮ ಶಬ್ದವನ್ನು ಲೋಹದೊಳಕ್ಕೆ ಕಳಿಸಿ ಅದರ ಮಾರುಲಿಯಿಂದ ಒಳಗಿನ ಬಿರುಕನ್ನು ಅರಿಯುವ ಉಪಕರಣವೂ ಬಂತು. ಮಡಕೆ ತಟ್ಟುವ ವಿದ್ಯೆಯೇ ಸುತ್ತಿ ಬಂದು ಇನ್ನೊಂದು ವೇಷದಲ್ಲಿ ನಿಂತಿತೆನ್ನಬಹುದು. 1954ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು, ಅದಕ್ಕೆ ಲೋಹದ ದಣಿವೇ ಕಾರಣವೆಂದು ಸಿದ್ಧವಾದ ಮೇಲಂತೂ ಈ ವಿದ್ಯೆಗಳ ಬೆಲೆಯನ್ನು ಕುರಿತು ಯಾರಿಗೂ ಸಂಶಯ ಉಳಿಯಲಿಲ್ಲ.

ಈಗ ಮತ್ತೆ ನಮ್ಮ ಹೊಲಕ್ಕೆ, ಬಾಲಕ್ಕೆ ಪೆಟ್ಟು ತಿಂದು ನಿಂತ ಯಂತ್ರದ ಬಳಿಗೆ ಬರೋಣ. ಈ ಅನುಭವಗಳೆಲ್ಲ ಕೂಡಿ ಒಂದು ಕ್ರಮವನ್ನು ರೂಪಿಸಿವೆ. ಮೊದಲ ಕೆಲಸ ಸಲಕರಣೆಯದಲ್ಲ, ಮಾತಿನದು. ಮೆಕ್ಯಾನಿಕ್ಕು ಚಾಲಕನನ್ನು ಕೇಳುತ್ತಾನೆ: ಏನು ತಗಲಿತು? ಹುಲ್ಲೆ, ಕೊಂಬೆಯೆ, ಕಲ್ಲೆ, ಕಂಬವೆ? ಆಗ ಎಂಜಿನ್ನು ಪೂರ್ಣ ಬಲದಲ್ಲಿತ್ತೆ? ರೋಟರಿನ ವೇಗ ಕುಗ್ಗಿತೆ? ಕಾಲಡಿಯ ಪೆಡಲುಗಳಲ್ಲಿ ನಡುಕ ಬಂತೆ? ಈ ಪೆಡಲುಗಳೇ ಬಾಲದ ರೆಕ್ಕೆಗಳ ಓರೆಯನ್ನು ಹೆಚ್ಚು ಕಡಿಮೆ ಮಾಡಿ ಯಂತ್ರದ ಮುಖವನ್ನು ತಿರುಗಿಸುವುವು. ಉತ್ತರಗಳನ್ನೆಲ್ಲ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಬರೆದ ಮೇಲೆ, ಪರೀಕ್ಷೆ ಮುಗಿದು ರುಜು ಬೀಳುವ ತನಕ, ಯಂತ್ರ ಹಾರಬಾರದು.

ಬಳಿಕ ರೆಕ್ಕೆ. ತಗ್ಗಿನ ಆಳ, ಉದ್ದ, ಅದು ಬೇರಿನಿಂದ ಎಷ್ಟು ದೂರ, ಇವನ್ನು ಅಳೆದು ತಯಾರಕರ ಕೈಪಿಡಿಯೊಡನೆ ಹೋಲಿಸುತ್ತಾರೆ. ಮಿತಿಯೊಳಗಿದ್ದರೆ ಉಜ್ಜಿ ನಯ ಮಾಡಬಹುದು. ಮಿತಿ ಮೀರಿದರೆ ರೆಕ್ಕೆಯನ್ನು ತೆಗೆದುಹಾಕಬೇಕು. ಅದರ ಮುಂದಣ ಅಂಚಿಗೆ ಅಂಟಿಸಿದ ಲೋಹದ ಪಟ್ಟಿ ಬಿಟ್ಟಿದೆಯೆ ಎಂದು ತಿಳಿಯಲು ನಾಣ್ಯದಿಂದಲೋ ಚಿಕ್ಕ ಸುತ್ತಿಗೆಯಿಂದಲೋ ಉದ್ದಕ್ಕೂ ತಟ್ಟುತ್ತ ಹೋಗುತ್ತಾರೆ. ಅಂಟು ಬಿಟ್ಟಲ್ಲಿ ಸದ್ದು ಬೊದ್ದಾಗುತ್ತದೆ. ಇಷ್ಟೆಲ್ಲ ಉಪಕರಣಗಳಿದ್ದೂ ಸಂತೆಯ ಪರೀಕ್ಷೆ ಕೈಬಿಟ್ಟಿಲ್ಲ. ಅನಂತರ ರೆಕ್ಕೆಗಳನ್ನು ಹಿಡಿದಿರುವ ನಡುಗುಂಬ, ಅವುಗಳ ಓರೆಯನ್ನು ಬದಲಿಸುವ ಕಡ್ಡಿಗಳು, ಅವುಗಳ ಬೇರಿಂಗುಗಳು. ಒಂದೊಂದನ್ನೂ ಬಿಚ್ಚಿ, ತೊಳೆದು, ಬಿರುಕಿಗಾಗಿ ನೋಡುತ್ತಾರೆ.

ಅಲ್ಲಿಂದ ಪೆಟ್ಟು ಯಾವ ದಾರಿಯಲ್ಲಿ ಹರಿಯಿತೋ ಅದೇ ದಾರಿಯಲ್ಲಿ ಹಿಂದೆ ಹಿಂದೆ ನಡೆಯುತ್ತಾರೆ. ತುದಿಯ ಗೇರುಪೆಟ್ಟಿಗೆಯ ಎಣ್ಣೆಯೊಳಗೆ ಅಯಸ್ಕಾಂತದ ಬಿರಡೆಯೊಂದಿರುತ್ತದೆ. ಅದನ್ನು ತೆಗೆದು ಉಕ್ಕಿನ ಚೂರು ಅಂಟಿದೆಯೆ ಎಂದು ನೋಡುತ್ತಾರೆ. ರೋಟರನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ಎಲ್ಲಿಯಾದರೂ ಕರಕರವೆನ್ನುವುದೆ, ತಡೆಯುವುದೆ ಎಂದು ಬೆರಳಿನಿಂದಲೇ ಅರಿಯುತ್ತಾರೆ. ರೋಟರು ಹಠಾತ್ತನೆ ತಡೆದು ನಿಂತದ್ದಾದರೆ ಈ ಪೆಟ್ಟಿಗೆಯನ್ನು ಇಡಿಯಾಗಿ ಇಳಿಸಿ ಕಾರ್ಖಾನೆಗೆ ಕಳಿಸಿ, ಹಲ್ಲು ಹಲ್ಲನ್ನೂ ಅಯಸ್ಕಾಂತದ ಪರೀಕ್ಷೆಗೆ ಒಡ್ಡುವುದು ಸಾಮಾನ್ಯವಾದ ನಿಯಮ. ಷಾಫ್ಟು ತೆಳುಗೋಡೆಯ ಕೊಳವೆ. ಅದರ ಮೈಮೇಲೆ ಓರೆಯಾದ ಸುಕ್ಕು ಎದ್ದಿದ್ದರೆ ಹೆಚ್ಚಿನ ಪರೀಕ್ಷೆಯೇ ಬೇಡ, ಅದು ತಿರುಚಿದೆ. ಸುಕ್ಕಿಲ್ಲದಿದ್ದರೂ ನೆಟ್ಟಗಿದೆಯೆ ಎಂದು ಮುಳ್ಳಿನ ಅಳತೆಗಡಿಯಾರವನ್ನಿಟ್ಟು ತಿರುಗಿಸಿ ನೋಡುತ್ತಾರೆ. ಷಾಫ್ಟಿನ ತುಂಡುಗಳನ್ನು ಸೇರಿಸುವ ಕೂಡುಗಳು, ಅದನ್ನು ಹೊತ್ತ ಬೇರಿಂಗುಗಳು, ಬಾಲದ ತಗಡಿನ ರಿವೆಟ್ಟುಗಳು, ಬಾಲವನ್ನು ಒಡಲಿಗೆ ಬಿಗಿದ ಬೋಲ್ಟುಗಳು, ಇವನ್ನೆಲ್ಲ ದಾಟಿ ಕಡೆಗೆ ಮುಖ್ಯ ಗೇರುಪೆಟ್ಟಿಗೆಯ ತನಕ ಬರುತ್ತಾರೆ. ರಿವೆಟ್ಟಿನ ಸುತ್ತ ಕಪ್ಪು ಮಸಿಯಂಥ ಪುಡಿ ಕಂಡರೆ ಅದು ಸಡಿಲವಾಗಿ ಉಜ್ಜುತ್ತಿದೆ ಎಂದು ಅರ್ಥ. ಎಲ್ಲ ಮುಗಿದು ಜೋಡಿಸಿದ ಮೇಲೆ ಸಮತೂಕ ನೋಡಿ, ನೆಲದ ಮೇಲೆ ಓಡಿಸಿ, ಚಾಲನೆಗೆ ಸಂಬಂಧಿಸಿದ ಕೀಲುಗಳನ್ನು ಮೊದಲನೆಯವನಲ್ಲದೆ ಎರಡನೆಯವನೊಬ್ಬನೂ ನೋಡಿ ರುಜು ಹಾಕಬೇಕು. ಒಬ್ಬನ ಕಣ್ಣು ತಪ್ಪಿದ್ದನ್ನು ಇನ್ನೊಬ್ಬನ ಕಣ್ಣು ಹಿಡಿಯಲೆಂಬ ಉದ್ದೇಶದಿಂದ ಈ ಏರ್ಪಾಡು.

ಇಷ್ಟೊಂದು ಕಟ್ಟುನಿಟ್ಟು ಅತಿಯಾಯಿತೆಂದು ಯಾರಿಗಾದರೂ ಅನ್ನಿಸಿದರೆ ಅವರು ಉತ್ತರ ಸಮುದ್ರದ ಎರಡು ಘಟನೆಗಳನ್ನು ನೆನೆಯಬೇಕು. ಅಲ್ಲಿ ನಡುಗಡಲಲ್ಲಿ ನೆಟ್ಟ ಎಣ್ಣೆಬಾವಿಗಳ ಕಟ್ಟೆಗಳಿಗೆ ಕೆಲಸಗಾರರು ಹೋಗಿಬರುವುದು ಹೆಲಿಕಾಪ್ಟರಿನಲ್ಲಿ. 1995ರ ಜನವರಿ 19ರಂದು ಅಬರ್ಡೀನಿನಿಂದ ಹದಿನೆಂಟು ಜನರನ್ನು ಹೊತ್ತು ಹೊರಟ ಹೆಲಿಕಾಪ್ಟರೊಂದರ ಬಾಲದ ರೋಟರಿಗೆ ಸಿಡಿಲು ಹೊಡೆಯಿತು. ಗಾಯಗೊಂಡ ರೋಟರು ಸಮತೂಕ ತಪ್ಪಿ ಕುದುರೆಯಂತೆ ಕೊಡವತೊಡಗಿತು. ಕೆಲವೇ ನಿಮಿಷಗಳಲ್ಲಿ ಬಾಲದ ಗೇರುಪೆಟ್ಟಿಗೆಯೇ ಕಳಚಿತು. ಚಾಲಕರು ಎದೆಗೆಡದೆ ಯಂತ್ರವನ್ನು ಅಲೆಗಳ ಮೇಲೆ ಇಳಿಸಿದರು; ಹದಿನೆಂಟು ಜನರೂ ತೇಲುದೋಣಿಯನ್ನೇರಿ ಬದುಕಿದರು. ಇದು ಪೆಟ್ಟು ಒಡನೆಯೇ ಮಾತಾಡಿದ ಪ್ರಸಂಗ.

ಇನ್ನೊಂದು, ಪೆಟ್ಟು ಮೂರು ವರ್ಷ ಮೌನವಾಗಿದ್ದ ಪ್ರಸಂಗ. 2002ರ ಜುಲೈ 16ರ ಸಂಜೆ, ಇಂಗ್ಲೆಂಡಿನ ಪೂರ್ವಕ್ಕೆ ಅದೇ ಸಮುದ್ರದ ಮೇಲೆ, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದ ಎಸ್-76 ಹೆಲಿಕಾಪ್ಟರಿನ ಮೇಲಿನ ರೋಟರಿನ ಒಂದು ರೆಕ್ಕೆ ಮುರಿದು, ಯಂತ್ರ ಕಡಲಿಗೆ ಬಿದ್ದು ಹನ್ನೊಂದು ಜನರೂ ಸತ್ತರು. ಕಡಲಿನಿಂದ ಎತ್ತಿದ ತುಂಡುಗಳನ್ನು ಪರೀಕ್ಷಿಸಿದಾಗ ಆ ರೆಕ್ಕೆಯ ಹಿಂದಿನ ಚರಿತ್ರೆ ಹೊರಬಿತ್ತು. 1999ರಲ್ಲಿ ಅದು ಬೇರೊಂದು ಹೆಲಿಕಾಪ್ಟರಿನಲ್ಲಿದ್ದಾಗ ಅದಕ್ಕೆ ಸಿಡಿಲು ಬಡಿದಿತ್ತು. ಅದನ್ನು ಬಿಚ್ಚಿ ತಯಾರಕರಿಗೇ ಕಳಿಸಿದ್ದರು. ಅಲ್ಲಿ ನೋಡಿ, ಯೋಗ್ಯವೆಂದು ಮರಳಿ ಬಳಕೆಗೆ ಬಿಟ್ಟಿದ್ದರು. ಆದರೆ ರೆಕ್ಕೆಯ ಬೆನ್ನುಮೂಳೆಯಂತಿರುವ ಟೈಟೇನಿಯಂ ದಂಡದ ಮೇಲೆ, ಹೊದಿಕೆಯ ಅಡಿಯಲ್ಲಿ, ತಯಾರಿಕೆಯ ಕಾಲದ ಒಂದು ಸಣ್ಣ ದೋಷವಿತ್ತು. ಸಿಡಿಲಿನ ವಿದ್ಯುತ್ತು ಅಲ್ಲಿ ಕಿಡಿಯಾಗಿ ಹಾರಿ ಲೋಹವನ್ನು ಚುಕ್ಕೆಯಷ್ಟು ಜಾಗದಲ್ಲಿ ಸುಟ್ಟಿತ್ತು. ಹೊರಗಿನಿಂದ ಅದು ಕಾಣಲಿಲ್ಲ. ಆ ಚುಕ್ಕೆಯಿಂದ ಹುಟ್ಟಿದ ಬಿರುಕು ಲೋಹದ ದಣಿವಿನ ನಿಯಮದಂತೆ ಬೆಳೆದು ಆ ಸಂಜೆಗೆ ಮುಗಿಯಿತು. ಇಲ್ಲಿ ಯಾರೂ ಪೆಟ್ಟನ್ನು ಮುಚ್ಚಿಟ್ಟಿರಲಿಲ್ಲ, ಪರೀಕ್ಷೆಯನ್ನು ತಪ್ಪಿಸಿರಲಿಲ್ಲ. ಆದರೂ ಬಿರುಕು ಗೆದ್ದಿತು. ಪರೀಕ್ಷೆ ಮಾಡುವವನು ಕಾಣುವುದನ್ನು ನೋಡಿದರೆ ಸಾಲದು. ತನಗೆ ಕಾಣದ ಎಡೆ ಯಾವುದೆಂಬುದನ್ನೂ ತಿಳಿದಿರಬೇಕೆಂಬ ಕಠಿಣವಾದ ಪಾಠ ಇದು.

ಇಂಥ ಪಾಠಗಳ ಫಲವಾಗಿ ಯಂತ್ರವೇ ತನ್ನ ನಾಡಿಯನ್ನು ಹೇಳಿಕೊಳ್ಳುವ ವ್ಯವಸ್ಥೆಯ ಕಡೆಗೆ ಗಮನ ಹರಿಯಿತು. ಅದರ ಮೊದಲು ಇನ್ನೂ ಹಿಂದಿನದು. 1986ರ ನವೆಂಬರ್ 6ರಂದು ಶೆಟ್ಲೆಂಡ್ ದ್ವೀಪಗಳ ಬಳಿ ಚಿನೂಕ್ ಹೆಲಿಕಾಪ್ಟರೊಂದು ಗೇರು ಮುರಿದು ಬಿದ್ದು 45 ಜನ ಸತ್ತ ಬಳಿಕ, ಗೇರುಪೆಟ್ಟಿಗೆಗಳಿಗೂ ಬೇರಿಂಗುಗಳಿಗೂ ನಡುಕವನ್ನು ಅಳೆಯುವ ಉಪಕರಣಗಳನ್ನು ಕೂಡಿಸುವ ಕೆಲಸ ಚುರುಕಾಗಿ, 1991ರ ಹೊತ್ತಿಗೆ ಅವು ಬಳಕೆಗೆ ಬಂದವು. ಅವುಗಳಿಂದ ಎಷ್ಟೋ ಕೇಡುಗಳು ಮೊದಲೇ ಪತ್ತೆಯಾಗಿವೆ. ಆದರೆ ನಾಡಿ ಹೇಳಿದ್ದನ್ನು ಕೇಳುವವರೂ ಬೇಕು. 2016ರ ಡಿಸೆಂಬರ್ 28ರಂದು ಎಸ್-92 ಹೆಲಿಕಾಪ್ಟರೊಂದು ಉತ್ತರ ಸಮುದ್ರದ ಕಟ್ಟೆಯ ಮೇಲೆ ಇಳಿಯುವಾಗ ಬಾಲದ ರೋಟರು ಹಿಡಿತ ತಪ್ಪಿ ಗರ್ರನೆ ತಿರುಗಿಬಿಟ್ಟಿತು. ಕಟ್ಟೆಯ ಅಂಚು ಸಮೀಪದಲ್ಲಿದ್ದರೂ ಒಳಗಿದ್ದವರಿಗೆ ಗಾಯವಾಗದೆ ಉಳಿದದ್ದು ಭಾಗ್ಯವೆನ್ನಬೇಕು. ವಿಚಾರಿಸಿದಾಗ, ಬಾಲದ ರೆಕ್ಕೆಗಳ ಓರೆಯನ್ನು ಬದಲಿಸುವ ಷಾಫ್ಟಿನ ಬೇರಿಂಗು ಕೆಟ್ಟಿತ್ತು. ಹಿಂದಿನ ದಿನವೇ ಉಪಕರಣವು ಆ ಕೇಡನ್ನು ದಾಖಲು ಮಾಡಿತ್ತು. ರಾತ್ರಿ ಆ ದಾಖಲೆಯನ್ನು ಇಳಿಸಿಕೊಂಡಾಗ ಅದು ಗಮನಕ್ಕೆ ಬಂದಿರಲಿಲ್ಲ ಎಂದು ತಿಳಿಯಿತು.

ಪೆಟ್ಟೇ ಬೀಳದಂತೆ ಮಾಡುವ ಯತ್ನವೂ ನಡೆದಿದೆ. ಫ್ರೆಂಚರು 1968ರಲ್ಲಿ ಬಾಲದ ರೋಟರನ್ನು ಬಾಲದೊಳಗೇ ಒಂದು ದುಂಡು ಬಳೆಯಲ್ಲಿ ಅಡಗಿಸಿ ಹಾರಿಸಿದರು. ಅಮೆರಿಕದವರು ರೋಟರನ್ನೇ ತೆಗೆದು, ಬಾಲದಿಂದ ಗಾಳಿಯನ್ನು ಊದುವ ಯಂತ್ರಗಳನ್ನು 1990ರ ದಶಕದಲ್ಲಿ ಬಳಕೆಗೆ ತಂದರು. ಹಾಗಿದ್ದರೂ ಬಯಲಿಗೆ ತೆರೆದ ಬಾಲದ ರೋಟರೇ ಇಂದಿಗೂ ಹೆಚ್ಚು ಕಾಣಸಿಗುವುದು.

ನಮ್ಮ ನಾಡಿಗೂ ಈ ಚರಿತ್ರೆಗೂ ನಂಟಿದೆ. 1962ರಲ್ಲಿ ಫ್ರೆಂಚರೊಡನೆ ಆದ ಒಪ್ಪಂದದಂತೆ ಅವರ ಅಲುಯೆಟ್-3 ಹೆಲಿಕಾಪ್ಟರಿನ ತಯಾರಿಕೆ ಬೆಂಗಳೂರಿನಲ್ಲಿ ಆರಂಭವಾಗಿ, 1965ರಲ್ಲಿ ಇಲ್ಲಿ ಜೋಡಿಸಿದ ಮೊದಲ ಯಂತ್ರ ಹಾರಿತು. ರಾಣಾ ಪ್ರತಾಪನ ಕುದುರೆಯ ಹೆಸರಾದ ಚೇತಕ್ ಎಂಬುದು ಅದಕ್ಕೆ ಅಂಟಿತು. ಇಲ್ಲಿಯೇ ರೂಪುಗೊಂಡ ಧ್ರುವ ಹೆಲಿಕಾಪ್ಟರು 1992ರ ಆಗಸ್ಟಿನಲ್ಲಿ ಮೊದಲು ಹಾರಿತು. 2005ರ ನವೆಂಬರಿನಲ್ಲಿ ಆ ಬಗೆಯ ಒಂದು ಯಂತ್ರ ಬಾಲದ ರೋಟರಿನ ರೆಕ್ಕೆಯ ದೋಷದಿಂದ ಆಂಧ್ರದಲ್ಲಿ ಬಲವಂತವಾಗಿ ಇಳಿಯಬೇಕಾದಾಗ, ಆ ಬಗೆಯ ಯಂತ್ರಗಳನ್ನೆಲ್ಲ ನೆಲಕ್ಕಿಳಿಸಿ, ರೆಕ್ಕೆಯನ್ನು ಸರಿಪಡಿಸಿದ ಮೇಲೆಯೇ ಮತ್ತೆ ಹಾರಲು ಬಿಟ್ಟರು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹೊಸದೊಂದು ಹೆಲಿಕಾಪ್ಟರ್ ಕಾರ್ಖಾನೆಯೂ ತೆರೆಯಿತು. ನಮ್ಮ ಊರುಗಳ ತರುಣರಲ್ಲಿ ಎಷ್ಟೋ ಜನ ಈ ಕೂದಲೆಳೆಯ ಬಿರುಕನ್ನು ಹುಡುಕುವ ಕೆಲಸಕ್ಕೆ ಸೇರುವವರಿದ್ದಾರೆ.

ಅವರಿಗೆ ಸಲಕರಣೆಗಳನ್ನು ಕಾರ್ಖಾನೆ ಕೊಡುತ್ತದೆ. ವಿದ್ಯೆಯನ್ನು ಶಾಲೆ ಕೊಡುತ್ತದೆ. ಇವೆರಡಕ್ಕೂ ಮೊದಲಿನದೊಂದು ಇದೆ. ರೆಕ್ಕೆ ಗಿಡಕ್ಕೆ ತಗಲಿದ್ದನ್ನು ಕಂಡವನು ಒಬ್ಬನೇ ಆಗಿದ್ದಾಗ, ಗಡಿಬಿಡಿಯ ದಿನವಾಗಿದ್ದಾಗ, ತಗ್ಗು ಹುಣಿಸೆಬೀಜಕ್ಕಿಂತ ದೊಡ್ಡದಲ್ಲದಿದ್ದಾಗ, 'ಏನೂ ಆಗಿಲ್ಲ ಬಿಡಿ' ಎಂದು ಹೇಳಿಬಿಡುವುದು ಬಹಳ ಸುಲಭ. ಆ ಮಾತನ್ನು ನುಂಗಿಕೊಂಡು, 'ಪೆಟ್ಟು ಬಿದ್ದಿದೆ' ಎಂದು ಪುಸ್ತಕದಲ್ಲಿ ಬರೆದ ಕ್ಷಣದಿಂದಲೇ ಉಳಿದ ವಿದ್ಯೆಗಳೆಲ್ಲ ಕೆಲಸಕ್ಕೆ ಬರುತ್ತವೆ. ಬರೆಯದಿದ್ದರೆ ಅಯಸ್ಕಾಂತವಾಗಲಿ ಬಣ್ಣದ ದ್ರವವಾಗಲಿ ಯಾವ ಬಿರುಕನ್ನೂ ತೋರಿಸಲಾರವು. ಮಡಕೆ ಕೊಳ್ಳುವವರು ತಟ್ಟದೆ ಕೊಂಡರೆ ಒಲೆಯ ಮೇಲೆ ಸಾರು ಸೋರೀತು. ಇಲ್ಲಿ ಹೋಗುವುದು ಜೀವ.